ಮನೆಯಲ್ಲಿ ಸುಮ್ಮನೆ ಕೂತಿದ್ದವಳ ನಾಲ್ಕು ರೊಟ್ಟಿ

"ಆಯಿ, ತೂಕ ಇಳಿಸಬೇಕು ಅಂತ ದಿನಕ್ಕೆ ಸಾವಿರದ ಇನ್ನೂರು ಕ್ಯಾಲೊರಿ ಗೊತ್ತು ಮಾಡಿಕೊಂಡೆ. ಹತ್ತು ದಿನ ನಡೆಯಿತು. ಹನ್ನೊಂದನೆಯ ದಿನ ಮುರಿಯಿತು. ನನ್ನ ಮನಸ್ಸು ಯಾಕೆ ಇಷ್ಟು ಸಡಿಲ?"

ಕೇಳಿದವಳು ವನಮಾಲ. ಮಠದ ದಾಸೋಹದ ಅಡುಗೆಮನೆಗೆ ರೊಟ್ಟಿ ಬಡಿಯುವುದನ್ನು ಕಲಿಯಲು ಬಂದು ಅವಳಿಗೆ ಒಂದು ವರ್ಷವಾಗಿತ್ತು. ವಯಸ್ಸು, ಎತ್ತರ, ತೂಕ, ಕೆಲಸ ಎಲ್ಲವನ್ನೂ ಫೋನು ಕೇಳಿತ್ತು. ಅವಳು ಹೇಳಿದ್ದಳು. ಫೋನು ಒಂದು ಸಂಖ್ಯೆ ಕೊಟ್ಟಿತ್ತು. ಆ ಸಂಖ್ಯೆಯ ಮುಂದೆ ಅವಳು ಸೋತು ಬಂದಿದ್ದಳು.

ಬಾಳವ್ವಾಯಿ ಆ ಅಡುಗೆಮನೆಯ ಗುರು. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅವಳಿಗೆ ಓದಲು ಬರುತ್ತಿದ್ದದ್ದು ಎರಡೇ, ಬಸ್ಸಿನ ಬೋರ್ಡು ಮತ್ತು ಊರಿನವರ ಮುಖ. ಅವಳು ಎದ್ದು ಹೋಗಿ ಬಾಗಿಲು ಮುಂದಕ್ಕೆ ಮಾಡಿದಳು. ಕಿಟಕಿಯ ಆಚೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ಹತ್ತಿರ ಬಂದು ಕೂತು ದನಿ ಇಳಿಸಿದಳು.

"ಉತ್ತರ ನನಗೆ ಗೊತ್ತಿಲ್ಲ. ಒಂದು ಕತೆ ಗೊತ್ತು. ಆದರೆ ಇದು ಬದುಕಿರುವವರ ಕತೆ. ಈ ಹಿಟ್ಟಿನ ಮೇಲೆ ಕೈಯಿಟ್ಟು ಹೇಳು, ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಅಂತ. ನಿನ್ನ ಅವ್ವನ ಮುಂದೆಯಂತೂ ಬೇಡವೇ ಬೇಡ. ಸಂಜೆಯೊಳಗೆ ಮೂರು ಓಣಿ ಮುಟ್ಟುತ್ತದೆ."

ವನಮಾಲ ಹಿಟ್ಟಿನ ಮೇಲೆ ಕೈಯಿಟ್ಟಳು. ಆಯಿ ಹೇಳತೊಡಗಿದಳು.

ಒಂದೂರಲ್ಲಿ ಒಬ್ಬ ಹೆಂಗಸು. ಹೆಸರು ಹೇಳಿದರೆ ಗುರುತು ಹಿಡಿದುಬಿಡುತ್ತೀಯ. ರೊಟ್ಟಿಯವಳು ಅಂತಿಟ್ಟುಕೋ. ಗಂಡನ ಮನೆಯವರದು ಒಂದು ಖಾನಾವಳಿ. ಮುಂದಿನ ಅರ್ಧ ಖಾನಾವಳಿ, ಹಿಂದಿನ ಅರ್ಧ ಮನೆ. ಗಂಡ ಮುಂದೆ ನಿಂತು ಬಡಿಸುತ್ತಿದ್ದ. ಅತ್ತೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಬಂದವರನ್ನು ಮಾತಾಡಿಸುತ್ತಿದ್ದಳು. ರೊಟ್ಟಿ ಮಾತ್ರ ಹಿಂದಿನಿಂದ ಬರುತ್ತಿತ್ತು. ಬಿಸಿಬಿಸಿ ಬರುತ್ತಿತ್ತು. ಯಾರು ಬಡಿದು ಕಳಿಸುತ್ತಾರೆ ಅಂತ ಉಂಡವರು ಕೇಳುತ್ತಿರಲಿಲ್ಲ. ಕೇಳಬೇಕು ಅಂತ ರೊಟ್ಟಿಯವಳಿಗೂ ಅನ್ನಿಸಿರಲಿಲ್ಲ.

ಅವಳ ಪಕ್ಕದ ಮನೆಯಲ್ಲಿ ಒಬ್ಬ ನೆರೆಯವಳು. ಗಂಡ ಹೋಗಿ ಬಹಳ ವರ್ಷವಾಗಿತ್ತು. ಮಕ್ಕಳಿಲ್ಲ. ಅವಳ ಹತ್ತಿರ ಇದ್ದದ್ದು ಎರಡು ಕಣ್ಣು, ಒಂದು ನಾಲಗೆ, ಮತ್ತು ಇಬ್ಬರ ಹಿತ್ತಲಿನ ನಡುವೆ ಎದೆಮಟ್ಟದ ಗೋಡೆ. ಅವಳಿಗೆ ಅಷ್ಟು ಸಾಕಾಗಿತ್ತು. ಯಾರ ಮನೆಯ ಒಗ್ಗರಣೆ ಸೀದರೂ ಅವಳಿಗೆ ಮೊದಲು ಗೊತ್ತು. ಯಾರ ಸೊಸೆ ತವರಿಗೆ ಹೊರಡುತ್ತಾಳೆ ಅಂತ ಆ ಸೊಸೆ ಗಂಟು ಕಟ್ಟುವ ಮೊದಲೇ ಗೊತ್ತು. ಕೆಟ್ಟವಳು ಅಂತೀಯಾ? ನಾನು ಅನ್ನುವುದಿಲ್ಲ. ಅವಳನ್ನು ನನ್ನಷ್ಟು ಬಲ್ಲವರು ಕಡಿಮೆ.

ರೊಟ್ಟಿಯವಳಿಗೆ ಒಬ್ಬಳೇ ತಂಗಿ. ಮೂರು ತಾಸಿನ ದಾರಿ ದೂರದ ಊರಿಗೆ ಕೊಟ್ಟಿದ್ದರು. ಆ ತಂಗಿಯ ಎರಡೂ ಕಿಡ್ನಿ ಕೆಟ್ಟವು. ವಾರಕ್ಕೆ ಎರಡು ಸಲ ಸೂಜಿ ಚುಚ್ಚಿಸಿಕೊಂಡು ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕು. ಅವ್ವ, ಅಪ್ಪ ಇಬ್ಬರೂ ಇಲ್ಲ. ಬದಲಿಗೆ ಹಾಕಲು ತಂಗಿಯ ಗಂಡನ ಕಿಡ್ನಿ ಹೊಂದಲಿಲ್ಲ. ಅಕ್ಕನದು ಹೊಂದಿತು. ಬೇರೆ ಯಾರೂ ಇರಲಿಲ್ಲ.

ರೊಟ್ಟಿಯವಳು ಒಂದು ಗಳಿಗೆಯೂ ಯೋಚಿಸಲಿಲ್ಲ. ಗಂಡನೂ ಎದುರಾಡಲಿಲ್ಲ. ಎಲ್ಲಿ ಸಹಿ ಹಾಕಬೇಕು ಅಂತ ಕೇಳಿ ಹಾಕಿದ. ಅದಕ್ಕೆ ಅವಳು ಅವನಿಗೆ ಮನಸ್ಸಿನಲ್ಲೇ ಕೈಮುಗಿದಳು.

ಆಸ್ಪತ್ರೆಯ ವೈದ್ಯೆ ಕಾಗದಗಳನ್ನೆಲ್ಲ ನೋಡಿ ಹೇಳಿದಳು: "ಎಲ್ಲ ಸರಿ ಇದೆ. ತೂಕವೊಂದು ಜಾಸ್ತಿ. ಎಪ್ಪತ್ತಾರು ಇದ್ದೀರಿ. ಎಂಟು ಕೆ.ಜಿ. ಇಳಿದು ಬನ್ನಿ. ನಾಲ್ಕು ತಿಂಗಳು ಕಾಯೋಣ. ನಿಮಗೂ ಅಪಾಯ ಆಗಬಾರದು ನೋಡಿ."

ರೊಟ್ಟಿಯವಳಿಗೆ ನಗು ಬಂತು. ಒಂದು ಜೀವಕ್ಕೆ ಬದಲಾಗಿ ಕೇಳಿದ್ದು ಎಂಟು ಕೆ.ಜಿ. ಕೊಬ್ಬು! ಕೈ ಕೇಳಿದ್ದರೂ ಕೊಡುತ್ತಿದ್ದಳು. ತನಗೂ ಅಪಾಯ ಆಗಬಾರದು ಅಂತ ಒಬ್ಬರು ಬಾಯಿಬಿಟ್ಟು ಹೇಳಿದ್ದು ಅವಳಿಗೆ ಹೊಸದು. ಅದನ್ನು ನೆನೆದು ಕಣ್ಣು ಒದ್ದೆಯಾಯಿತು.

ಅದೇ ದಿನ ಅವಳನ್ನು ಊಟದ ಸಲಹೆ ಕೊಡುವ ಹುಡುಗಿಯ ಹತ್ತಿರ ಕಳಿಸಿದರು. ಹುಡುಗಿ ಒಳ್ಳೆಯವಳು. ಮೇಜಿನ ಮೇಲೆ ಕಾಗದ ಹರಡಿ ಬಿಡಿಸಿ ಹೇಳಿದಳು. ಮನುಷ್ಯ ಕಣ್ಣು ಮುಚ್ಚಿ ಮಲಗಿದ್ದರೂ ಮೈ ಸುಮ್ಮನಿರುವುದಿಲ್ಲ. ಉಸಿರು, ರಕ್ತ, ಬಿಸಿ, ಎಲ್ಲಕ್ಕೂ ಬೇಕು. ವಯಸ್ಸು, ಎತ್ತರ, ತೂಕ ಹಿಡಿದು ಲೆಕ್ಕ ಹಾಕಿದರೆ ರೊಟ್ಟಿಯವಳಿಗೆ ಅದು ದಿನಕ್ಕೆ ಸಾವಿರದ ಮುನ್ನೂರ ಎಂಬತ್ತು ಚಿಲ್ಲರೆ ಕ್ಯಾಲೊರಿ. ಅದರ ಮೇಲೆ ಅವರವರ ಕೆಲಸಕ್ಕೆ ತಕ್ಕಂತೆ ಕೂಡಿಸಬೇಕು. ಕೂಡಿಸಿ ಬಂದದ್ದರಲ್ಲಿ ಐನೂರು ಕಳೆದರೆ, ವಾರಕ್ಕೆ ಅರ್ಧ ಕೆ.ಜಿ.ಯಂತೆ ಮೆಲ್ಲಗೆ ಇಳಿಯುತ್ತದೆ. ಹದಿನಾರು ವಾರಕ್ಕೆ ಎಂಟು ಕೆ.ಜಿ.

"ಈಗ ಹೇಳಿ, ದಿನಾ ಏನು ಕೆಲಸ ಮಾಡ್ತೀರಿ?" ಎಂದಳು ಹುಡುಗಿ.

"ಏನಿಲ್ರಿ. ಮನ್ಯಾಗ ಸುಮ್ನ ಕೂತಿರ್ತೀನಿ."

ಕೇಳಿದೆಯಾ? ಆ ಮಾತು ಅತ್ತೆ ಆಡಿದ್ದಲ್ಲ. ಗಂಡ ಆಡಿದ್ದಲ್ಲ. ಅವಳೇ ಆಡಿದಳು. ಸುಳ್ಳು ಹೇಳಬೇಕು ಅಂತ ಹೇಳಿದ್ದೂ ಅಲ್ಲ. ಕೆಲಸ ಅಂದರೆ ಮನೆಯಿಂದ ಹೊರಗೆ ಹೋಗಿ ಮಾಡುವುದು ಅಂತ ಅವಳು ತಿಳಿದಿದ್ದಳು. ಒಲೆಯ ಮುಂದೆ ಅವಳು ನಿಂತಿರುತ್ತಿರಲಿಲ್ಲ, ಕೂತೇ ಇರುತ್ತಿದ್ದಳು. ಮದುವೆಯಾದಾಗಿನಿಂದ ಯಾರು ಕೇಳಿದರೂ ಇದೇ ಉತ್ತರ ಕೊಟ್ಟಿದ್ದಳು. ಜನಗಣತಿಯವರಿಗೂ ಇದನ್ನೇ ಹೇಳಿದ್ದಳು. ಯಾವತ್ತೂ ಏನೂ ಕೆಟ್ಟಿರಲಿಲ್ಲ.

ಹುಡುಗಿ ಕೂತಿರುವವರ ಸಾಲಿಗೆ ಗುರುತು ಹಾಕಿದಳು. ಆ ಸಾಲಿನವರಿಗೆ ಕೂಡಿಸುವುದು ಸ್ವಲ್ಪವೇ. ಮೊತ್ತ ಸಾವಿರದ ಆರುನೂರ ಅರವತ್ತಾಯಿತು. ಐನೂರು ಕಳೆದಳು. ಸಾವಿರದ ನೂರ ಅರವತ್ತು ಅಂತ ಕೆಂಪು ಶಾಯಿಯಲ್ಲಿ ಬರೆದು ಕೊಟ್ಟಳು. ನಿಮ್ಮ ಖಾನಾವಳಿ ರೊಟ್ಟಿಗೆ ನೂರಿಪ್ಪತ್ತೈದು ಹಿಡಿದುಕೊಳ್ಳಿ ಅಂದಳು. ಸೊಪ್ಪು, ಕಾಳು, ಮಜ್ಜಿಗೆ ಎಷ್ಟೆಷ್ಟು ಅಂತಲೂ ಬರೆದಳು.

ರೊಟ್ಟಿಯವಳು ಆ ಕಾಗದವನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು.

ಊರಿಗೆ ಬಂದ ಮೇಲೆ ಗಂಡಹೆಂಡತಿ ಇಬ್ಬರೂ ಯಾರಿಗೂ ಏನೂ ಹೇಳಲಿಲ್ಲ. ಹೇಳಿದರೆ ಒಬ್ಬರು ಅಯ್ಯೋ ಅನ್ನುತ್ತಾರೆ, ಒಬ್ಬರು ಬೇಡ ಅನ್ನುತ್ತಾರೆ ಅಂತ ಸುಮ್ಮನಿದ್ದರು. ಅದೇ ತಪ್ಪಾಯಿತು. ಸುಮ್ಮನಿದ್ದವರ ಮನೆಯ ಕತೆಯನ್ನು ನೆರೆಯವರು ತಾವೇ ಹೆಣೆದುಕೊಳ್ಳುತ್ತಾರೆ.

ನೆರೆಯವಳು ನೋಡಿದ್ದು ಇಷ್ಟು. ಗಂಡಹೆಂಡತಿ ಬೆಳಿಗ್ಗೆ ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಹೋದರು. ಸಂಜೆ ಬಂದರು. ಕೈಯಲ್ಲಿ ಆಸ್ಪತ್ರೆಯ ಚೀಲ. ಹೆಂಡತಿಯ ಮುಖದಲ್ಲಿ ನಗು. ಮಾರನೆಯ ದಿನದಿಂದ ಹೆಂಡತಿ ಊಟದ ಮುಂದೆ ಕೂತು ಅರ್ಧಕ್ಕೇ ಏಳತೊಡಗಿದಳು. ನೆರೆಯವಳು ಎಲ್ಲವನ್ನೂ ಕೂಡಿಸಿದಳು. ಬೇಳೆ ಆರಿಸುವ ನೆಪದಲ್ಲಿ ಮೂರು ಮನೆಗೆ ಹೋಗಿ ಬಂದಳು.

"ನಲವತ್ತರ ಹತ್ರ ಬಂದಾಳ. ಮಗಳು ಕಾಲೇಜಿಗೆ ಹೋಗ್ತಾಳ. ಈಗ ತೊಟ್ಟಿಲಾ ಕಟ್ಟೂ ವಿಚಾರ ನಡದೈತಿ ನೋಡ್ರಿ. ನಾ ಹೇಳೀನಿ ಅಂತ ಹೇಳಬ್ಯಾಡ್ರಿ ಮತ್ತ."

ಇತ್ತ ರೊಟ್ಟಿಯವಳು ಕಾಗದವನ್ನು ಹಿಟ್ಟಿನ ಡಬ್ಬಿಗೆ ಅಂಟಿಸಿದಳು. ಮೊದಲ ವಾರ ಎರಡು ಕೆ.ಜಿ. ಇಳಿಯಿತು. ತಂಗಿಗೆ ಫೋನು ಮಾಡಿ ಹೇಳಿದಳು. ತಂಗಿ ಆ ಕಡೆ ಅತ್ತಳು, ಇವಳು ಈ ಕಡೆ ಅತ್ತಳು. ಎರಡನೆಯ ವಾರ ರೊಟ್ಟಿ ಬಡಿಯುವಾಗ ತಲೆ ಸುತ್ತಿತು. ಒಳ್ಳೆಯದಕ್ಕೇ ಇರಬೇಕು ಅಂದುಕೊಂಡಳು.

ಹನ್ನೆರಡನೆಯ ದಿನ ಮಧ್ಯಾಹ್ನ ಮೂರು ಗಂಟೆ. ಉಂಡವರು ಎದ್ದು ಹೋಗಿದ್ದರು. ಮೂಲೆಯ ಬುಟ್ಟಿಯಲ್ಲಿ ಹರಿದ ರೊಟ್ಟಿಗಳಿದ್ದವು. ಬಡಿಸಲು ಬಾರದ ರೊಟ್ಟಿಯನ್ನು ದನಕ್ಕೆ ಅಂತ ಎತ್ತಿಡುತ್ತಾರಲ್ಲ, ಅವು. ರೊಟ್ಟಿಯವಳು ಬುಟ್ಟಿಯ ಹತ್ತಿರ ಹೋದದ್ದು ಅವಳಿಗೇ ಗೊತ್ತಾಗಲಿಲ್ಲ. ನಿಂತಲ್ಲೇ ತಿಂದಳು. ಚಟ್ನಿಪುಡಿಯನ್ನು ಡಬ್ಬಿಯಿಂದಲೇ ಬಾಯಿಗೆ ಹಾಕಿಕೊಂಡಳು. ಬೆಲ್ಲ ಕಡಿದಳು. ಬುಟ್ಟಿ ಬರಿದಾದ ಮೇಲೆ ಎಚ್ಚರವಾಯಿತು.

ಅವಳು ತನ್ನ ಕೈಯನ್ನೇ ನೋಡಿದಳು. ಈ ಕೈ ತಂಗಿಯ ಬಾಯಿಂದ ಕಿತ್ತು ತಿಂದಿತು ಅಂತ ಅವಳಿಗೆ ಅನ್ನಿಸಿತು.

ಮಾರನೆಯ ದಿನ ಶಿಕ್ಷೆಯೆಂದು ಎರಡೇ ರೊಟ್ಟಿ ತಿಂದಳು. ಅದರ ಮಾರನೆಯ ದಿನವೂ ಹಾಗೇ. ಮೂರನೆಯ ದಿನ ಮತ್ತೆ ಬುಟ್ಟಿಯ ಹತ್ತಿರ ನಿಂತಿದ್ದಳು. ಮತ್ತೆ ಶಿಕ್ಷೆ. ಮತ್ತೆ ಬುಟ್ಟಿ. ಹರಿದ ರೊಟ್ಟಿಯನ್ನೆಲ್ಲ ಬೆಳಿಗ್ಗೆಯೇ ದನಕ್ಕೆ ಹಾಕಿಸಿದಳು. ಉಗ್ರಾಣದ ಕೀಲಿಯನ್ನು ಅತ್ತೆಯ ಕೈಗೆ ಕೊಟ್ಟಳು. "ಯಾಕ?" ಅಂದಳು ಅತ್ತೆ. "ಇರ್ಲಿ ಇಟ್ಕೊಳ್ರಿ" ಅಂದಳು.

ಆ ದಿನ ಮಧ್ಯಾಹ್ನ ಹಿತ್ತಲಿನಲ್ಲಿ ಕೊಣಮಿಗೆ ತೊಳೆಯಲು ಕೂತಳು. ಹಿಟ್ಟು ನಾದುವ ಆ ಮರದ ತಟ್ಟೆಯ ಅಂಚಿಗೆ ಹಸಿ ಹಿಟ್ಟು ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ಕೆರೆದು ತಿಂದಳು.

ಗೋಡೆಯ ಮೇಲೆ ಎರಡು ಕಣ್ಣಿದ್ದವು.

ಹಸಿ ಹಿಟ್ಟು ತಿನ್ನುವವರು ಯಾರು? ಬಯಕೆ ಹತ್ತಿದವರು. ನೆರೆಯವಳಿಗೆ ಇನ್ನು ಅನುಮಾನ ಉಳಿಯಲಿಲ್ಲ. ಸಂಜೆಗೆ ಓಣಿಯೆಲ್ಲ ಎಷ್ಟನೆಯ ತಿಂಗಳು ಅಂತ ಎಣಿಸುತ್ತಿತ್ತು. ಒಬ್ಬಳು ಹುಳಿ ಮಾವಿನಕಾಯಿಯನ್ನು ಖಾನಾವಳಿಯ ಬಾಗಿಲಿಗೆ ತಂದು ಕೊಟ್ಟಳು. ಅತ್ತೆ ಅದನ್ನು ಉಪ್ಪಿನಕಾಯಿ ಹಾಕಿದಳು. ನೆರೆಯವಳ ಅಣ್ಣನ ಮಗಳನ್ನು ಕೊಟ್ಟ ಬೀಗರ ಮನೆ ರೊಟ್ಟಿಯವಳ ತಂಗಿಯ ಊರಿನಲ್ಲಿ, ತಂಗಿಯ ಓಣಿಯಲ್ಲೇ ಇತ್ತು. ಸುದ್ದಿ ಅಲ್ಲಿಗೂ ಹೋಯಿತು.

ಐದನೆಯ ವಾರ ಆಸ್ಪತ್ರೆಯಲ್ಲಿ ತೂಕ ನೋಡಿದರು. ಎಪ್ಪತ್ತೈದೂವರೆ. ಇಳಿದದ್ದು ಹೆಚ್ಚುಕಡಿಮೆ ಎಲ್ಲ ತಿರುಗಿ ಹತ್ತಿತ್ತು. ಮೇಲಿಂದ ರಕ್ತ ಕಡಿಮೆಯಾಗಿತ್ತು. ವೈದ್ಯೆ ಬೈಯಲಿಲ್ಲ. "ಹೀಗೇ ಆದರೆ ನಿಮ್ಮದನ್ನು ತೆಗೆದುಕೊಳ್ಳಲು ಆಗುವುದಿಲ್ಲಮ್ಮ" ಅಂದಳಷ್ಟೆ. ಬೈದಿದ್ದರೆ ರೊಟ್ಟಿಯವಳು ತಡೆದುಕೊಳ್ಳುತ್ತಿದ್ದಳು.

ಎರಡು ದಿನ ಬಿಟ್ಟು ತಂಗಿಯ ಫೋನು ಬಂತು.

"ಅಕ್ಕಾ, ಬಸುರಿ ಅದೀನಿ ಅಂತ ನನಗ ಯಾಕ ಹೇಳ್ಲಿಲ್ಲ? ಹೊಟ್ಯಾಗಿನ ಕೂಸಿನ ಪಾಲು ನನಗ ಬ್ಯಾಡ. ನಿನ್ನ ಋಣ ಇಷ್ಟಕ್ಕ ಸಾಕು. ನಾಳೆ ಆಸ್ಪತ್ರಿಗೆ ಹೋಗಿ, ನಮ್ಮಕ್ಕನ್ನ ಬಿಟ್ಟುಬಿಡ್ರಿ ಅಂತ ಬರದು ಕೊಡ್ತೀನಿ."

"ಯವ್ವಾ, ಇಲ್ಲ, ಯಾರು ಹೇಳಿದ್ರು ನಿನಗ?"

ಯಾರು ಅಂತ ತಂಗಿ ಹೇಳಿದಳು.

ರೊಟ್ಟಿಯವಳು ಹಿಟ್ಟಿನ ಕೈಯಲ್ಲೇ ಎದ್ದಳು. ಮದುವೆಯಾಗಿ ಬಂದ ಹದಿನೆಂಟು ವರ್ಷದಲ್ಲಿ ಅವಳು ಯಾರ ಬಾಗಿಲಿಗೂ ಜಗಳಕ್ಕೆ ಹೋದವಳಲ್ಲ. ಜಗಳ ಹೇಗೆ ಶುರು ಮಾಡಬೇಕು ಅಂತಲೂ ಗೊತ್ತಿರಲಿಲ್ಲ. ನೆರೆಯವಳ ಕಟ್ಟೆಯ ಮುಂದೆ ನಿಂತಳು. ಓಣಿಯ ಹೆಂಗಸರು ಒಬ್ಬೊಬ್ಬರೇ ಹೊರಗೆ ಬಂದರು. ಇಂಥದ್ದು ದಿನಾ ಸಿಗುತ್ತದೆಯೇ?

"ಕಾಕು, ನಾ ಬಸುರಿ ಅಲ್ರಿ" ಎಂದಳು. "ನಾ ಕಳ್ಳಿ."

ಹೆಂಗಸರು ಒಂದು ಹೆಜ್ಜೆ ಮುಂದೆ ಬಂದರು.

ಅವಳು ಎಲ್ಲವನ್ನೂ ಹೇಳಿದಳು. ತಂಗಿ, ಕಿಡ್ನಿ, ಎಂಟು ಕೆ.ಜಿ., ಬುಟ್ಟಿ, ಬೆಲ್ಲ, ಹಸಿ ಹಿಟ್ಟು. "ನನ್ನ ತಂಗಿ ಸಾಯಾಕ ಹತ್ಯಾಳ, ನನಗ ನನ್ನ ಬಾಯಿ ಹಿಡಿಯೂದು ಆಗವಲ್ತು. ಅವರೇನು ಉಪವಾಸ ಇರು ಅಂದಿಲ್ರಿ. ಮನ್ಯಾಗ ಕೂತಿರೂ ಹೆಣಮಗಳಿಗೆ ಎಷ್ಟು ಬೇಕೋ ಅಷ್ಟು ಲೆಕ್ಕಾ ಹಾಕಿ ಕೊಟ್ಟಾರ. ಅಷ್ಟರಾಗ ಇರಾಕ ಆಗವಲ್ತು ನನಗ. ನೀವು ಏನು ಬೇಕಾದ್ದು ಅನ್ರಿ. ಆದ್ರ ಬಸುರಿ ಅಂದಿದ್ದು ಸುಳ್ಳು ಅಂತ ನಿಮ್ಮ ಬೀಗರಿಗೆ ಹೇಳ್ರಿ. ಇವತ್ತ ಹೇಳ್ರಿ."

ನೆರೆಯವಳು ಬಾಯಲ್ಲಿದ್ದ ಎಲೆಯಡಿಕೆ ಉಗುಳಿದಳು.

"ಯಾರು ಕೂತಿರ್ತಾರ?"

"ನಾನ ರೀ."

"ಯಾವಾಗ?"

ರೊಟ್ಟಿಯವಳು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು.

"ಯಾವಾಗ ಕೂತಿ ಹೇಳಲೇ ಖೋಡಿ. ನಾ ನೋಡಿಲ್ಲ, ಹೇಳು" ಎಂದಳು ನೆರೆಯವಳು. ಅವಳಿಗೆ ಸಿಟ್ಟು ಬಂದಿತ್ತು. ತಾನು ನೋಡದೇ ಇದ್ದದ್ದು ಆ ಮನೆಯಲ್ಲಿ ಏನಾದರೂ ನಡೆದಿದ್ದರೆ ಅದು ತನಗೆ ಅವಮಾನ. "ಐದಕ್ಕ ನಿನ್ನ ಹಿತ್ತಲ ಚಿಲಕ ಸಪ್ಪಳಾಗ್ತದ. ನಳ ಬಂದ ದಿನಾ ಇಪ್ಪತ್ತೆರಡು ಕೊಡ ಹೊರತಿ. ಬರದ ದಿನಾ ಬೋರಿನ ತನಕ ಹೋಗಿ ಹನ್ನೆರಡು. ಆಮ್ಯಾಲ ಜ್ವಾಳದ ಡಬ್ಬಿ ಸೊಂಟದ ಮ್ಯಾಲ ಇಟ್ಕೊಂಡು ಗಿರಣಿಗೆ. ಏಳಕ್ಕ ಒಲಿ ಮುಂದ ಹೋದ್ರ ಹನ್ನೆರಡೂವರಿ ತನಕ ಪಟಪಟ ಪಟಪಟ. ಇನ್ನೂರಾ ಹತ್ತು ರೊಟ್ಟಿ. ಒಂದೊಂದಕ್ಕ ನಲವತ್ತು ಏಟು."

"ಏಟೂ ಎಣಿಸೀರೇನ್ ಕಾಕು?" ಎಂದಳು ಒಬ್ಬಳು.

"ಮತ್ತೇನ್ ಮಾಡ್ಲಿ? ಟಿವಿ ಕೆಟ್ಟು ಎಂಟು ತಿಂಗಳಾತು." ನೆರೆಯವಳು ಅತ್ತ ತಿರುಗಲೂ ಇಲ್ಲ. "ಒಂದಕ್ಕ ಬೋಗಾಣಿ ತಿಕ್ಕಾಕ ಕೂಡ್ತಿ. ತಾಟು ಅರವತ್ತು. ಮೂರಕ್ಕ ಅರಬಿ ಒಗಿತಿ. ಐದಕ್ಕ ಮತ್ತ ಒಲಿ, ಮತ್ತ ಎಂಬತ್ತು ರೊಟ್ಟಿ. ಅತ್ತಿ ಕಾಲು ಒತ್ತತಿ. ಇದನ್ನೆಲ್ಲಾ ನಿನ್ನ ಗಂಡ ನೋಡಿಲ್ಲ, ಅಂವ ಮುಂದ ಇರ್ತಾನ. ನಿನ್ನ ಅತ್ತಿ ನೋಡಿಲ್ಲ, ಆಕಿ ಕುರ್ಚಿ ಮ್ಯಾಲ ಇರ್ತಾಳ. ನೀನೂ ನೋಡಿಲ್ಲ. ನಾ ನೋಡೀನಿ. ಯಾರಲೇ ಆಕಿ, ನಿನಗ ಕೂತಾಕಿ ಪಾಲು ಕೊಟ್ಟಾಕಿ? ನಡಿ, ತೋರಸು ನನಗ."

ಅಷ್ಟು ಹೇಳಿ ಅವಳು ಮೊದಲು ಬೀಗರಿಗೆ ಫೋನು ಮಾಡಿದಳು. "ಬಸುರಿ ಅಲ್ಲಂತ. ಹಸದಾಳಂತ. ಮನಿ ಮನಿಗೆ ಹೇಳಿ ಬರ್ರಿ. ಮೊದಲಿಂದ್ ಎಷ್ಟು ಮನಿಗೆ ಹೇಳೀರಿ, ಅಷ್ಟೂ ಮನಿಗೆ" ಎಂದಳು. ತಂಗಿಯ ಹತ್ತಿರವೂ ತಾನೇ ಮಾತಾಡಿದಳು. ಏನು ಮಾತಾಡಿದಳೋ, ತಂಗಿ ಬರೆದು ಕೊಡಲು ಹೋಗಲಿಲ್ಲ.

ಮಾರನೆಯ ದಿನ ನೆರೆಯವಳು ಹೊಸ ಸೀರೆ ಉಟ್ಟು ರೊಟ್ಟಿಯವಳ ಜೊತೆ ಬಸ್ಸು ಹತ್ತಿದಳು. ಊಟದ ಸಲಹೆಯ ಹುಡುಗಿಯ ಮುಂದೆ ಕೂತು, ಐದು ಗಂಟೆಯ ಚಿಲಕದಿಂದ ಹಿಡಿದು ರಾತ್ರಿಯ ಒಲೆ ಆರುವವರೆಗೆ ಮತ್ತೆ ಹೇಳಿದಳು. ಹುಡುಗಿ ಬರೆದುಕೊಳ್ಳುತ್ತ ಹೋದಳು. ನಡುವೆ ಒಮ್ಮೆ ಬರೆಯುವುದನ್ನು ನಿಲ್ಲಿಸಿ ರೊಟ್ಟಿಯವಳ ಅಂಗೈ ತೋರಿಸಲು ಕೇಳಿದಳು. ನೋಡಿದಳು. ಆ ಅಂಗೈಯನ್ನು ಮೊದಲ ದಿನವೇ ನೋಡಬೇಕಿತ್ತು ಅಂದಳು.

ಆಮೇಲೆ ಸಾಲು ಬದಲಿಸಿದಳು. ಎರಡು ಸಾಲು ಕೆಳಗೆ ಇಳಿದಳು. ಆ ಸಾಲಿನವರ ಮೈ ದಿನಕ್ಕೆ ಎರಡು ಸಾವಿರದ ನೂರೈವತ್ತರ ಹತ್ತಿರ ಸುಡುತ್ತದೆ. ಅದರಲ್ಲಿ ಐನೂರು ಕಳೆದಳು. ಸಾವಿರದ ಆರುನೂರ ಐವತ್ತು.

"ಇಷ್ಟು ದಿನ ನಿಮ್ಮ ಪಾಲಿಗಿ ನಾಲ್ಕು ರೊಟ್ಟಿ ಕಮ್ಮಿ ಬರದಿದ್ದೆ ರೀ" ಎಂದಳು ಹುಡುಗಿ. "ನೀವು ಕದ್ದು ತಿಂದಿಲ್ಲ. ಮೈ ತನ್ನದು ತಾನು ಕೇಳೈತಿ. ಈಗ ಆ ನಾಲ್ಕು ಹೊತ್ತಿಗೆ ಸರಿಯಾಗಿ ಕೂತು ಉಣ್ರಿ. ರಕ್ತಕ್ಕ ಗುಳಿಗಿ ಕೊಡ್ತಾರ, ಅದನ್ನೂ ತಗೊಳ್ರಿ."

ಇಲ್ಲಿ ವನಮಾಲ ಏನೋ ಹೇಳಲು ಬಾಯಿ ತೆರೆದಳು. ಫೋನಿನಲ್ಲಿ ತಾನು ಒತ್ತಿದ, ಕೂತಿರುವವರ ಸಾಲು ಅವಳ ಕಣ್ಣ ಮುಂದೆ ಬಂದಿತ್ತು. "ಇರು, ಇನ್ನೂ ಮುಗಿದಿಲ್ಲ" ಎಂದಳು ಆಯಿ.

ರೊಟ್ಟಿಯವಳು ಮನೆಗೆ ಬಂದಳು. ಗಂಡನಿಗೆ ಹೇಳಿದಳು. ಗಂಡ ಹಿಂದಿನ ಬಾಗಿಲಿಗೆ ಬಂದು ನಿಂತು ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ನೋಡಿದ. ಅವತ್ತಿನಿಂದ ಕೊಡ ಹೊರುವುದನ್ನು ತಾನು ಮಾಡಿದ. ಹುಡುಗಿಗೆ ಫೋನು ಮಾಡಿ ಕೇಳಿದರೆ, ಹಾಗಾದರೆ ಅರ್ಧ ರೊಟ್ಟಿ ಕಮ್ಮಿ ಮಾಡಿ ಅಂದಳು. ರೊಟ್ಟಿಯವಳು ಬಹಳ ದಿನಗಳ ಮೇಲೆ ಮನಸ್ಸು ಬಿಚ್ಚಿ ನಕ್ಕಳು.

ಅತ್ತೆ ಮಾತ್ರ ಅಷ್ಟು ಸುಲಭಕ್ಕೆ ಬದಲಾಗುವವಳಲ್ಲ. ಆದರೂ ಮಧ್ಯಾಹ್ನ ಒಂದು ಗಂಟೆಗೆ ಒಳಗೆ ಬಂದು, "ಉಂಡೆಯೇನ?" ಅಂತ ಕೇಳುವುದನ್ನು ಕಲಿತಳು. ಆ ಮನೆಗೆ ಅದು ದೊಡ್ಡ ಮಾತು.

ತೂಕ ವಾರಕ್ಕೆ ಅರ್ಧ ಕೆ.ಜಿ.ಯಂತೆ ಇಳಿಯಿತು. ಒಂದೊಂದು ವಾರ ಇಳಿಯಲಿಲ್ಲ. ಅವಳು ಹೆದರಲಿಲ್ಲ. ಬುಟ್ಟಿಯಲ್ಲಿ ಹರಿದ ರೊಟ್ಟಿ ಇರುತ್ತಿತ್ತು, ಅವಳು ಅದರ ಮುಂದೆಯೇ ಓಡಾಡುತ್ತಿದ್ದಳು. ಉಗ್ರಾಣದ ಕೀಲಿ ಅತ್ತೆಯಿಂದ ತಿರುಗಿ ಬಂತು. ನಾಲ್ಕು ತಿಂಗಳಿಗೆ ಆಗಬೇಕಾದದ್ದು ಐದೂವರೆ ತಿಂಗಳಿಗೆ ಆಯಿತು. ಅರವತ್ತೆಂಟು. ರಕ್ತವೂ ಸರಿಯಾಗಿತ್ತು. ವೈದ್ಯೆ ದಿನ ಗೊತ್ತು ಮಾಡಿದಳು.

ಆಪರೇಷನ್ ದಿನ ಅಕ್ಕತಂಗಿ ಇಬ್ಬರನ್ನೂ ಅಕ್ಕಪಕ್ಕದ ಕೋಣೆಗೆ ಒಯ್ದರು. ಓಣಿಯ ಅರ್ಧ ಜನ ಆಸ್ಪತ್ರೆಯ ಹೊರಗೆ ಕೂತಿದ್ದರು. ಯಾರು ಕರೆದರು, ಯಾರು ಹೇಳಿದರು ಅಂತ ಕೇಳಬೇಡ. ಸುದ್ದಿ ಹರಡಲು ಒಬ್ಬಳು ಇದ್ದಳಲ್ಲ. ನಾಲ್ಕನೆಯ ದಿನ ತಂಗಿ ಎದ್ದು ಕೂತಳು. ಮುಖಕ್ಕೆ ಬಣ್ಣ ಬಂದಿತ್ತು. ಅಕ್ಕನನ್ನು ನೋಡಿ ಅವಳು ಕೇಳಿದ ಮೊದಲ ಮಾತು, "ಅಕ್ಕಾ, ಉಂಡೆಯೇನ?"

ಆಯಿ ಅಲ್ಲಿಗೆ ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಒಲೆಯ ಬಿಸಿ ಅಂದಳು. ಒಲೆ ಹಚ್ಚಿರಲಿಲ್ಲ.

"ಆಮೇಲೆ?" ಎಂದಳು ವನಮಾಲ.

ಆಮೇಲೆ ಏನು? ಮೂರು ತಿಂಗಳು ಭಾರ ಎತ್ತಬಾರದು ಅಂದಿದ್ದರು. ಮೂರು ತಿಂಗಳು ಖಾನಾವಳಿಗೆ ಹೊರಗಿನಿಂದ ಇಬ್ಬರು ಹೆಂಗಸರನ್ನು ಕರೆಸಬೇಕಾಯಿತು. ಅವಳೊಬ್ಬಳು ಕೂತಲ್ಲಿ ಇಬ್ಬರು ಬೇಕಾದರು, ನೆನಪಿಟ್ಟುಕೋ. ನಾಲ್ಕನೆಯ ತಿಂಗಳು ರೊಟ್ಟಿಯವಳು ಮತ್ತೆ ಒಲೆಯ ಮುಂದೆ ಕೂತಳು. ಮೊದಲ ರೊಟ್ಟಿ ಬಡಿದಳು. ಅದರ ಮೇಲೆ ಬೆಣ್ಣೆ ಇಟ್ಟಳು. ಖಾನಾವಳಿಗೆ ಕಳಿಸಲಿಲ್ಲ. ತಾನೇ ಹಿಡಿದುಕೊಂಡು ನೆರೆಯವಳ ಮನೆಗೆ ಹೋದಳು.

ನೆರೆಯವಳು ಕಟ್ಟೆಯ ಮೇಲೆ ಕೂತಿದ್ದಳು. ರೊಟ್ಟಿಯವಳು ತಟ್ಟೆ ಇಟ್ಟು ಅವಳ ಕಾಲಿಗೆ ಬಿದ್ದಳು.

"ಕಾಕು, ನನ್ನ ತಂಗಿ ಇವತ್ತ ಉಸುರಾಡಾಕ ಹತ್ಯಾಳಂದ್ರ ನಿಮ್ಮಿಂದ್ರಿ. ಹೆತ್ತವರು ನೋಡಿಲ್ಲ, ಕಟ್ಟಿಕೊಂಡವರು ನೋಡಿಲ್ಲ, ನೀವೊಬ್ರು ನನ್ನ ನೋಡಿದ್ರಿ. ಈ ಉಪಕಾರ ನಾ ಹೆಂಗ ತೀರಿಸ್ಲಿ?"

ನೆರೆಯವಳು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು. ಅಗಿದಳು. ನುಂಗಿದಳು. ಆಮೇಲೆ ಅವಳ ಮುಖಕ್ಕೇ ಹೇಳಿದಳು:

"ಏಳಲೇ ಮ್ಯಾಲ, ಉಪಕಾರ ಅಂತ ಉಪಕಾರ, ನಿನ್ನೊಳಗ ಒಂದು ಹುಳುಕು ಸಿಕ್ರ ಊರ ತುಂಬಾ ಹೇಳ್ಕೊಂಡು ಬರೂಣು ಅಂತ ಹದಿನೆಂಟು ವರ್ಷ ಕಣ್ಣು ಮಿಟುಕಸದ ನೋಡೀನಿ, ದುಡಿಯೂದು ಬಿಟ್ಟು ನನಗ ಏನೂ ಸಿಗಲಿಲ್ಲ."